ಅಡಿಯಿಂದ ಮುಡಿಯವರೆಗೆ ಒಂದೇ ನೀಲಿ

ಮಹಡಿ ಕೋಣೆಯ ಬಾಡಿಗೆದಾರ ಸೇತುರಾಮ ತನ್ನನ್ನು ಬಿಟ್ಟು ಇನ್ನೊಬ್ಬರನ್ನು ಕಣ್ಣೆತ್ತಿ ನೋಡದ ಮನುಷ್ಯ. ಮನೆಯೊಡತಿ, ನಿವೃತ್ತ ಅಧ್ಯಾಪಕಿ ಅನಂತಲಕ್ಷ್ಮಮ್ಮನವರು ಎರಡು ವರ್ಷ ಗಮನಿಸಿ ಕೊಟ್ಟ ತೀರ್ಪು ಇದು. ರಾಜಾಜಿನಗರವೆಲ್ಲ ಟೆರಿಲಿನ್ ತೊಟ್ಟು ನೆಮ್ಮದಿಯಾಗಿರುವಾಗ ಇವನಿಗೆ ಬೆಲ್‌ಬಾಟಂ, ಅಂಗಿ, ಟೋಪಿ, ಹೆಗಲಚೀಲ, ಕೊನೆಗೆ ವಾಚಿನ ಪಟ್ಟಿಯೂ ಜೀನ್ಸ್ ಬಟ್ಟೆಯದೇ ಆಗಬೇಕು! "ಮೇಲೊಂದು ನೀಲಿ, ಕೆಳಗೊಂದು ನೀಲಿ ಆದ್ರೆ ಮನುಷ್ಯ ಎರಡು ತುಂಡಾಗಿ ಕಾಣ್ತಾನೆ ಮೇಡಂ," ಎಂದು ಅವರಿಗೇ ಪಾಠ ಹೇಳುತ್ತಾನೆ. ಅದಕ್ಕೇ ಒಂದನ್ನು ಒಗೆದರೆ ಎಲ್ಲವನ್ನೂ ಒಗೆಯುತ್ತಾನೆ. ಒಗೆಯುವ ಕಲ್ಲು ನೀಲಿ, ಮೋರಿ ನೀಲಿ, ಅವರ ಬಿಳಿ ಬೆಕ್ಕಿನ ಪಾದವೂ ನೀಲಿ. ಬಸ್ಸಿನಲ್ಲಿ ಸೀಟಿದ್ದರೂ ಕೂರುವುದಿಲ್ಲ, ಇಸ್ತ್ರಿಯ ಗೆರೆ ಮುರಿಯುತ್ತದಂತೆ. ಹೆಣ್ಣು ನೋಡಲು ಹೋದಲ್ಲೂ ನಿಂತೇ ಉಪ್ಪಿಟ್ಟು ತಿಂದು ಬಂದ ಭೂಪ! ಇಂಥವನು ನೆನೆಹಾಕಿದ್ದ ಪ್ಯಾಂಟಿನ ಮೇಲೆ, ಆ ಭಾನುವಾರ, ಕಲ್ಲಿನ ಪಾಚಿ ತೆಗೆಯುತ್ತಿದ್ದ ಅನಂತಲಕ್ಷ್ಮಮ್ಮನವರ ಕೈಜಾರಿ ಬ್ಲೀಚಿಂಗ್ ಪೌಡರಿನ ನೀರು ಚೆಲ್ಲಿತು. ಮಂಡಿಯ ಕೆಳಗೆಲ್ಲ ಬಿಳಿ ಮಚ್ಚೆ. ಜನ್ಮದಲ್ಲಿ ಯಾರ ಕ್ಷಮೆಯನ್ನೂ ಕೇಳದ ಅವರು ಪ್ಯಾಂಟ್ ಹಿಡಿದು ಮೆಟ್ಟಿಲ ಬಳಿ ನಿಂತರು, ಅವನು ಇಳಿದು ಬರುತ್ತಲೇ ಅದನ್ನು ಮುಂದೆ ಚಾಚಿದರು. ಸೇತುರಾಮ ಮಚ್ಚೆಗಳನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದ. "ಅಯ್ಯೋ ಬಿಡಿ ಮೇಡಂ, ಈಗ ಇದೇ ಫ್ಯಾಷನ್ನು. ಪೌಡರ್ ಇನ್ನೂ ಇದ್ಯಾ?" ಎಂದವನೇ ಕಲ್ಲಿನ ಬಳಿ ಕುಕ್ಕರುಗಾಲಲ್ಲಿ ಕೂತು, ಅಂಗಿಯನ್ನೂ ಟೋಪಿಯನ್ನೂ ಹರವಿಕೊಂಡು, ಉಳಿದ ನೀರನ್ನು ಅವುಗಳ ಮೇಲೆ ತಾನೇ ಚಿಮುಕಿಸತೊಡಗಿದ.