ಸೂಜಿ ಹಾಕಿಸಿಕೊಂಡ ಮೇಲೂ ಹೊಲದಲ್ಲೇ

1945ರ ಚಳಿಗಾಲ. ಯುದ್ಧ ಮುಗಿದಿತ್ತು, ಸಕ್ಕರೆ ಸೀಮೆಎಣ್ಣೆಗಳ ತೊಂದರೆ ಮುಗಿದಿರಲಿಲ್ಲ. ನನ್ನ ಯಜಮಾನರು ತಿಕೋಟಾದಲ್ಲಿ ಕಂಪೌಂಡರ್ ಆಗಿದ್ದರು. ನಾನು ಮನೆವಾರ್ತೆ ನೋಡಿಕೊಂಡಿದ್ದವಳು. ನೌಕರಿ ಎಂದು ನಾನು ಮಾಡಿದ್ದು ಆ ಒಂದು ಚಳಿಗಾಲ ಮತ್ತು ಮರುವರ್ಷದ ಕೆಲವು ದಿನ. ಅದಕ್ಕೆ ಪಗಾರ ಇರಲಿಲ್ಲ. ಆದರೂ ಅದನ್ನು ನನ್ನ ನೌಕರಿ ಎಂದೇ ಇಂದಿಗೂ ತಿಳಿದಿದ್ದೇನೆ.

ಬಬಲೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ಇಲಿ ಸತ್ತು ಬೀಳತೊಡಗಿದವು. ಇಲಿ ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ. ಜನ ಹಳೆಯ ರೂಢಿಯಂತೆ ಮನೆಗಳಿಗೆ ಕೀಲಿ ಹಾಕಿ, ಹೊಲಗಳಲ್ಲಿ ಜೋಳದ ಕಣಿಕೆಯ ಗುಡಿಸಲು ಕಟ್ಟಿಕೊಂಡರು. ವಿಜಾಪುರದಿಂದ ಡಾಕ್ಟರು ಲಸಿಕೆ ತಂದರು. ಗಂಡಸರು ಬೈಯುತ್ತಲೇ ತೋಳು ಕೊಟ್ಟರು. ಹೆಂಗಸರು ಮಾತ್ರ ಪರಗಂಡಸಿನ ಮುಂದೆ ಕುಬುಸದ ತೋಳು ಏರಿಸುವುದಿಲ್ಲ ಎಂದು ಕುಳಿತುಬಿಟ್ಟರು. ಆಗ ಡಾಕ್ಟರ ಜೊತೆಗಿದ್ದ ಯಜಮಾನರು ನನ್ನನ್ನು ಕರೆಸಿದರು.

ಎರಡು ಗೂಟಗಳ ನಡುವೆ ನನ್ನದೇ ಇಳಕಲ್ ಸೀರೆಯನ್ನು ಪರದೆ ಕಟ್ಟಿದೆ. ಒಳಗೆ ನಾನು ಮತ್ತು ಹೆಂಗಸರು, ಹೊರಗೆ ಡಾಕ್ಟರು. ಪರದೆಯ ಸಂದಿಯಿಂದ ತೋಳು ಮಾತ್ರ ಹೊರಗೆ ಹೋಗಬೇಕು, ಅದನ್ನು ಅಲುಗದಂತೆ ನಾನು ಹಿಡಿಯಬೇಕು. ಡಾಕ್ಟರು ಯಾರ ಮುಖವನ್ನೂ ನೋಡಲಿಲ್ಲ. ಹೀಗೆ ಒಪ್ಪಿಸಿದರೂ ಸಾಲು ಬೆಳೆಯಲಿಲ್ಲ. ಸೂಜಿಯಿಂದ ಎರಡು ದಿನ ಜ್ವರ ಬರುತ್ತದೆಂಬ ಸುದ್ದಿ ಹಬ್ಬಿತ್ತು. ನಾನು ಅವರ ಮನಸ್ಸು ತಿರುಗಿಸಲು ಒಂದು ಮಾತು ಸೇರಿಸಿದೆ: "ಸೂಜಿ ಹಾಕಿಸ್ಕೋರಿ, ಆಮ್ಯಾಲ ನಿಮ್ಮ ನಿಮ್ಮ ಮನಿಗೆ ಹೋಗಬಹುದು."

ಡಾಕ್ಟರು ಹಾಗೆ ಹೇಳಿರಲಿಲ್ಲ. ಮದ್ದು ಮೈಯಲ್ಲಿ ಬಲ ಹಿಡಿಯಲು ಹತ್ತು ದಿನ ಬೇಕು, ಆಮೇಲೂ ಊರು ಶುದ್ಧವಾಯಿತೆಂದು ಸರಕಾರದವರು ಹೇಳುವ ತನಕ ಯಾರೂ ಒಳಗೆ ಹೋಗಬಾರದು ಎಂದಿದ್ದರು. ನಾನು ಅರ್ಧ ಹೇಳಿ ಅರ್ಧ ನುಂಗಿದೆ. ಸಂಜೆಯ ಹೊತ್ತಿಗೆ ಸಾಲು ಬಾವಿಯ ತನಕ ಹೋಯಿತು. ನಾನು ಹಿಗ್ಗಿ, ರಾತ್ರಿ ಶಿವನಿಗೆ ಕೈ ಮುಗಿದು ಮಲಗಿದೆ.

ಎರಡೇ ದಿನಕ್ಕೆ ಅದರ ಫಲ ಕಾಣಿಸಿತು. ಇಷ್ಟು ದಿನ ತುಟಿ ಬಿಚ್ಚದೆ ಚಳಿಯಲ್ಲಿ ಮಲಗಿದ್ದವರು ಈಗ ಒಂದು ದಿನವೂ ತಾಳೆವು ಎನ್ನತೊಡಗಿದರು. ಊರಿನ ದಾರಿಗೆ ಇಟ್ಟಿದ್ದ ಕಾವಲುಗಾರನ ಜೊತೆ ದಿನವೂ ಜಗಳ. ನೀರಿಗೆ ಬಂದ ಒಬ್ಬ ಮುದುಕಿ ನನ್ನ ಮುಖಕ್ಕೇ ಅಂದಳು: "ಛತ್ರಿ ಕೈಯಾಗ ಕೊಟ್ಟು, ಮಳಿಯಾಗ ಹೊರಗ ಬರಬ್ಯಾಡ ಅಂದಂಗಾತು ನಿಮ್ಮ ಸರಕಾರದ್ದು." ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಸರಿಪಡಿಸಿ ಹೇಳುವ ಧೈರ್ಯ ಬರಲಿಲ್ಲ.

ಹೊಲದಲ್ಲಿ ನಾವು ಇಳಿದುಕೊಂಡಿದ್ದ ಗುಡಿಸಲಿನ ಪಕ್ಕದ್ದು ಗೌರವ್ವನದು. ವಿಧವೆ, ಗಟ್ಟಿ ಹೆಂಗಸು, ಮೊದಲ ದಿನವೇ ಸೂಜಿ ಹಾಕಿಸಿಕೊಂಡಿದ್ದಳು. ಮಗಳು ಶಾಂತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತುಂಬಿದ ಬಸುರಿಗೆ ಬೇಡ ಎಂದು ಡಾಕ್ಟರು ಆಕೆಗೆ ಸೂಜಿ ಹಾಕಿರಲಿಲ್ಲ. ಮರುದಿನವೇ ಆಕೆ ಗುಡಿಸಲಿನಲ್ಲಿ ಹೆಣ್ಣು ಹೆತ್ತಳು.

ಐದನೆಯ ದಿನ ಬೆಳಿಗ್ಗೆ ನೋಡಿದರೆ ಗೌರವ್ವ ಚಕ್ಕಡಿಗೆ ಹುಲ್ಲು ಹಾಸುತ್ತಿದ್ದಳು. ಅಂದು ಸಂಜೆ ಸೆಟಗವ್ವನ ಪೂಜೆ. ಹುಟ್ಟಿದ ಐದನೆಯ ದಿನ ಆ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ನಮ್ಮ ಕಡೆ ನಂಬಿಕೆ. ಬಾಣಂತಿಯ ಕೋಣೆಯಲ್ಲಿ ಬೀಸುಕಲ್ಲಿನ ಹತ್ತಿರ ದೀಪ ಹಚ್ಚಿ ಎಡೆ ಇಡಬೇಕು. ಗೌರವ್ವನಿಗೆ ಅದು ತನ್ನ ಮನೆಯಲ್ಲೇ ಆಗಬೇಕಿತ್ತು. ಬಾಣಂತಿಯನ್ನೂ ಕೂಸನ್ನೂ ಆ ಊರಿನೊಳಗೆ ಮಲಗಿಸಲು ಹೊರಟಿದ್ದಳು.

ಬೇಡ ಎಂದೆ. ಆಕೆ ಹುಲ್ಲು ಹಾಸುವುದನ್ನು ನಿಲ್ಲಿಸಲಿಲ್ಲ.

"ನೀವ ಹೇಳೀರಲ್ರಿ ಅಕ್ಕಾರ, ಸೂಜಿ ಆದಮ್ಯಾಲ ಹೋಗಬಹುದಂತ."

ಎಲ್ಲರೂ ನೋಡುತ್ತಿದ್ದರು. ನಾನು ಹೇಳಿದೆ: "ಹೇಳಿದ್ದು ಖರೆ. ತಪ್ಪು ಹೇಳೇನಿ. ನಿಮಗ ಇನ್ನೂ ಹತ್ತು ದಿನ ಆಗಿಲ್ಲ. ಶಾಂತಾಗ ಸೂಜೀನ ಆಗಿಲ್ಲ."

ಆಗ ಆಕೆ ಚಕ್ಕಡಿಯ ಮುಂದಿನ ಮೂಕಿಮರದ ಮೇಲೆ ಕುಳಿತು, ದನಿ ಏರಿಸದೆ, ತನ್ನ ಸಂಗತಿ ಹೇಳಿದಳು. ಹಿಂದೊಮ್ಮೆ ಪ್ಲೇಗು ಬಂದಾಗ ಆಕೆಯ ಮೊದಲ ಗಂಡುಮಗು ಹೊಲದಲ್ಲೇ ಹುಟ್ಟಿತ್ತು. ಪೂಜೆಯೂ ಗುಡಿಸಲಿನಲ್ಲೇ ಆಗಿತ್ತು. ಹನ್ನೊಂದನೆಯ ದಿನ ಮಗು ಹೋಯಿತು. "ಆ ತಾಯಿಗೆ ಗುಡಿಸಲದ ಹಾದಿ ಸಿಗಲಿಲ್ಲರಿ," ಎಂದಳು. "ಈ ಕೂಸಿಗೆ ಹಂಗ ಆಗಬಾರದು."

ಡಾಕ್ಟರಾಗಿದ್ದರೆ ಇದಕ್ಕೆ ಏನು ಹೇಳುತ್ತಿದ್ದರೋ ತಿಳಿಯದು. ನಾನು ಸೆಟಗವ್ವನನ್ನು ನಂಬಿದವಳೇ. ನನ್ನ ಮಕ್ಕಳಿಗೂ ಆ ಪೂಜೆ ಮಾಡಿದ್ದೇನೆ. ಆದ್ದರಿಂದ ನನಗೆ ತೋಚಿದ್ದನ್ನು ಹೇಳಿದೆ: "ಗೌರವ್ವಾ, ಊರಾಗ ಈಗ ಒಂದರ ದೀಪ ಐತೇನು? ಎಲ್ಲಾ ದೀಪ ಇಲ್ಲೇ ಅದಾವು. ಕತ್ತಲಿ ಊರಿಗೆ ಆ ತಾಯಿ ಯಾಕ ಹೋಗ್ತಾಳ?"

ಆಕೆ ಹೊಲದ ಗುಡಿಸಲುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಎದ್ದು, ಚಕ್ಕಡಿಯ ಹುಲ್ಲನ್ನು ತೆಗೆದು ಎತ್ತುಗಳ ಮುಂದೆ ಹಾಕಿದಳು.

ಬೀಸುಕಲ್ಲನ್ನು ನನ್ನ ಗುಡಿಸಲಿನಿಂದ ಇಬ್ಬರು ಹೊತ್ತು ತಂದರು. ಹೊತ್ತು ಮುಳುಗುವಾಗ ದೀಪ ಹಚ್ಚಿದೆವು. ಎಡೆ ಇಟ್ಟು ಕೈ ತೊಳೆಯುವಾಗ ಗೌರವ್ವ ಸಹಜವಾಗಿ, "ನಿನ್ನೆ ಕಾವಲದವನ ಕಣ್ಣು ತಪ್ಪಿಸಿ ಮನಿಗೆ ಹೋಗಿ ಕೋಣಿ ಸಾರಿಸಿ ಬಂದಿದ್ದೆ, ದಂಡಾತು," ಎಂದಳು.

ಇಲಿ ಇದ್ದವೇ ಎಂದು ಕೇಳಿದೆ.

"ಎರಡು ಸತ್ತು ಬಿದ್ದಿದ್ದವು. ಬಾಲಾ ಹಿಡದು ಹೊರಗ ಒಗದೆ. ನನಗ ಸೂಜಿ ಆಗೇತಲ್ರಿ."

ಎರಡು ದಿನ ಬಿಟ್ಟು ಗೌರವ್ವನಿಗೆ ಜ್ವರ ಬಂತು. ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಆಕೆಯನ್ನು ದೂರದ ಗುಡಿಸಲಿಗೆ ಸಾಗಿಸಿದರು. ಯಜಮಾನರು ವಿಜಾಪುರಕ್ಕೆ ಹೋಗಿ ಗುಳಿಗೆ ತಂದರು. ನಾನು ಬಾಗಿಲಾಚೆ ನಿಂತು ಗಂಜಿ ಇಡುತ್ತಿದ್ದೆ. ಗೌರವ್ವ ದಿನವೂ ಒಂದೇ ಮಾತು ಕೇಳುತ್ತಿದ್ದಳು: "ಶಾಂತಾ ದೂರ ಅದಾಳಲ್ರಿ?" ದೂರ ಇದ್ದಾಳೆ, ಕೂಸು ಹಾಲು ಕುಡಿಯುತ್ತಿದೆ ಎಂದು ಹೇಳುತ್ತಿದ್ದೆ. ಆಕೆ ಒಂದು ದಿನವೂ ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಆರನೆಯ ದಿನ ತೀರಿಕೊಂಡಳು.

ಶಾಂತಾಗೂ ಕೂಸಿಗೂ ಏನೂ ಆಗಲಿಲ್ಲ. ಆ ಕೋಣೆಯಲ್ಲಿ ಮಲಗಿದ್ದರೆ ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಗೌರವ್ವನ ಜ್ವರ ಅವರಿಗೆ ತಗಲಲಿಲ್ಲ, ಗುಳಿಗೆಯಿಂದ ಆಕೆಗೆ ಕಡೆಯ ಎರಡು ರಾತ್ರಿ ಕೊಂಚ ನಿದ್ದೆ ಬಂತು, ಸಾಯುವ ಮುಂಚೆ ಕೂಸಿನ ಅಳು ಗಾಳಿಯಲ್ಲಿ ಕೇಳಿಸಿತು. ಇಷ್ಟನ್ನು ದೇವರು ಕೊಟ್ಟದ್ದು ಎಂದು ಎಣಿಸುತ್ತೇನೆ. ನಾನು ಕಸಿದುಕೊಂಡದ್ದನ್ನೂ ಎಣಿಸುತ್ತೇನೆ.

ಮರುವರ್ಷ ಇನ್ನೊಂದು ಹಳ್ಳಿಯಲ್ಲಿ ಮತ್ತೆ ಪರದೆ ಕಟ್ಟಿದೆವು. ತೋಳು ಹಿಡಿಯುವ ಮೊದಲೇ ಎಲ್ಲರಿಗೂ ಪೂರ್ತಿ ಹೇಳಿದೆ: ಜ್ವರ ಬರುತ್ತದೆ, ತೋಳು ನೋಯುತ್ತದೆ, ಸೂಜಿಯ ನಂತರವೂ ಹೊಲದಲ್ಲೇ ಇರಬೇಕು. ಅರ್ಧದಷ್ಟು ಹೆಂಗಸರು ಎದ್ದು ಹೋದರು. ಡಾಕ್ಟರು ಪರದೆಯಾಚೆಯಿಂದ, ಈ ಸಲ ಜನ ಯಾಕೆ ಕಡಿಮೆ ಎಂದು ಕೇಳಿದರು. ಖರೆ ಹೇಳಿದೆನೆಂದೆ.

ಒಂದು ಸಿಹಿ ಮಾತಿನಿಂದ ಒಂದೇ ದಿನದಲ್ಲಿ ಆಗುವ ಕೆಲಸವನ್ನು ಖರೆ ಹೇಳಿ ಮಾಡಲು ನಾಲ್ಕು ದಿನ ಹಿಡಿಯುತ್ತದೆ ಎಂಬುದನ್ನು ಆ ನೌಕರಿ ನನಗೆ ಕಲಿಸಿತು. ಮರುದಿನದಿಂದ ಎದ್ದು ಹೋದವರ ಗುಡಿಸಲುಗಳಿಗೆ ನಾನೇ ನಡೆದೆ. ಕೆಲವರು ನನ್ನನ್ನು ಕಂಡು ಬಾಗಿಲು ಮುಚ್ಚಿಕೊಂಡರು. ನಾಲ್ಕನೆಯ ದಿನ ಸಂಜೆಗೆ ಇಬ್ಬರನ್ನು ಬಿಟ್ಟು ಎಲ್ಲರೂ ತೋಳು ಕೊಟ್ಟಿದ್ದರು. ಆ ಇಬ್ಬರ ಗುಡಿಸಲಿಗೆ ಐದನೆಯ ದಿನವೂ ಹೋದೆ.