ಮೊಟ್ಟೆ ಹಾಕದ ಸೂಪು

ಸುಧಾಕರ, ನಾನು ನಿನಗೆ ಮಾಡಿಕೊಟ್ಟ ಸೂಪಿನಲ್ಲಿ ಮೊಟ್ಟೆ ಇರಲಿಲ್ಲ. ಒಂದು ದಿನವೂ ಇರಲಿಲ್ಲ.

೨೦೦೪ರ ಜನವರಿ ಕೊನೆಯಿಂದ ಮಾರ್ಚ್ ಎರಡನೇ ವಾರದವರೆಗೆ — ಕೊಪ್ಪದ ನಮ್ಮ ಬಾಡಿಗೆ ರೂಮಿನಲ್ಲಿ. ಟೈಫಾಯ್ಡ್ ಬಿಟ್ಟಿತ್ತು, ನೀನು ಗೋಡೆ ಹಿಡಿದು ನಡೆಯುತ್ತಿದ್ದೆ. ನಿನ್ನ ಅಮ್ಮ ನಿಮ್ಮೂರು ಮುತ್ತಿನಕೊಪ್ಪಕ್ಕೆ ಕರೆದುಕೊಂಡು ಹೋಗಲು ಬಂದಿದ್ದರು. ಪರೀಕ್ಷೆ ಹತ್ತಿರವಿದೆ, ಬರುವುದಿಲ್ಲ ಎಂದು ನೀನು ಹಟ ಹಿಡಿದೆ. ದಿನಾ ಮೊಟ್ಟೆ ಕೊಡಿ ಎಂದಿದ್ದರು ಡಾಕ್ಟರು. ಬೇಯಿಸಿದ್ದು ನಿನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತರಕಾರಿ ಸೂಪಿಗೆ ಕದಡಿ ಹಾಕಿದರೆ ಮಾತ್ರ. ಆಗ ಮಾತು ಕೊಟ್ಟವನು ನಾನು.

"ನಾನು ಮಾಡಿ ಹಾಕ್ತೀನಮ್ಮ, ನೀವು ಹೋಗಿ."

ಶೃಂಗೇರಿ ಕಡೆಯ, ಹುಟ್ಟಿದ ಮೇಲೆ ಮೊಟ್ಟೆ ಮುಟ್ಟದ ಹುಡುಗ ಹೀಗೆಂದದ್ದಕ್ಕೆ ಅವರ ಕಣ್ಣು ತುಂಬಿತು. ನನಗೆ ಅದು ಹಿತವಾಗಿತ್ತು — ಅದನ್ನೂ ಬಚ್ಚಿಡುವುದಿಲ್ಲ.

ಮೊದಲ ದಿನ ಕ್ಯಾರೆಟ್, ಬೀನ್ಸ್, ಎಲೆಕೋಸು ಸಣ್ಣಗೆ ಹೆಚ್ಚಿ ಸೀಮೆಎಣ್ಣೆ ಸ್ಟೌ ಮೇಲೆ ಕುದಿಸಿದೆ. ಬಟ್ಟಲಿಗೆ ಮೊಟ್ಟೆ ಒಡೆದೆ. ಲೋಳೆ ಬೆರಳಿಗೆ ಅಂಟಿದ್ದೇ ತಡ, ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಬಟ್ಟಲಲ್ಲಿದ್ದುದನ್ನೂ ಅಲ್ಲೇ ಚೆಲ್ಲಿದೆ. ಏನೂ ತಿಳಿಯದ ನೀನು ಹಾಸಿಗೆಯಿಂದಲೇ ಹೇಳಿಕೊಡುತ್ತಿದ್ದೆ — ಎಳೆ ಎಳೆಯಾಗಿ ಹೊಯ್ಯಬೇಕು, ಸೌಟು ನಿಲ್ಲಿಸಬಾರದು. ನಾನು ಅಕ್ಕಿಹಿಟ್ಟಿಗೆ ಚಿಟಿಕೆ ಅರಿಶಿನ ಸೇರಿಸಿ, ನೀರಲ್ಲಿ ಕಲಸಿ, ನೀನು ಹೇಳಿದ ಹಾಗೆಯೇ ಹೊಯ್ದೆ. ಜ್ವರಕ್ಕೆ ನಿನ್ನ ಬಾಯಿರುಚಿ ಸತ್ತಿತ್ತು.

"ನೀಚು ವಾಸನೆನೇ ಇಲ್ವಲ್ಲೋ ಮಾರಾಯ. ಭಟ್ಟರ ಕೈಗೆ ಬಂದ್ರೆ ಮೊಟ್ಟೆನೂ ಮಡಿ ಆಗುತ್ತೆ" ಎಂದು ನೀನು ನಕ್ಕೆ.

ನಾನೂ ನಕ್ಕೆ. ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಹಿಟ್ಟನ್ನೇ ಕಲಸಿದೆ. ಆಮೇಲೆ — ಸುಳ್ಳಿಗೂ ಒಂದು ಹದ ಸಿಕ್ಕಿಬಿಟ್ಟಿತು.

ನಿನ್ನ ಅಮ್ಮ ಡಬ್ಬಿಗೆ ಭತ್ತದ ಹೊಟ್ಟು ತುಂಬಿ, ನಡುವೆ ತಮ್ಮ ಕೋಳಿಗಳ ಮೊಟ್ಟೆ ಹುಗಿದು, ಬಸ್ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದರು. ಒಂದೂ ಒಡೆದಿರುತ್ತಿರಲಿಲ್ಲ. ನಾನು ಅವನ್ನು ಬಸ್‌ಸ್ಟ್ಯಾಂಡಿನ ಆಮ್ಲೆಟ್ ಗಾಡಿಯವನಿಗೆ ಸುಮ್ಮನೆ ಕೊಟ್ಟು, ಖಾಲಿ ಡಬ್ಬಿ ವಾಪಸು ಕಳಿಸುತ್ತಿದ್ದೆ. ಎಲ್ಲಕ್ಕೂ ಲೆಕ್ಕ ಇಡುವವನು ನಾನು — ದಿನಚರಿಯಲ್ಲೂ 'ಸೂಪು, ಮೊಟ್ಟೆ ಒಂದು' ಎಂದೇ ಬರೆದೆ.

ಪರೀಕ್ಷೆಯ ಎರಡನೇ ದಿನ ನೀನು ಬೆಂಚಿನ ಮೇಲೆ ಕುಸಿದೆ. ಕರೆದೊಯ್ಯಲು ಬಂದ ಅಮ್ಮ ನಿನ್ನ ತೋಳು ಹಿಡಿದು ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ — ಇಲ್ಲ, ಆಗಲೂ ಹೇಳುತ್ತಿರಲಿಲ್ಲವೇನೋ.

"ನಿನ್ನಿಂದ ಏನೂ ಕಮ್ಮಿ ಆಗ್ಲಿಲ್ಲ ಮಗಾ" ಎಂದರು. "ನಮ್ಮ ಕೋಳಿ ಮೊಟ್ಟೇಲೇ ಸತ್ವ ಇಲ್ಲ ಅಂತ ಕಾಣುತ್ತೆ."

ಆ ಬೇಸಿಗೆಯಲ್ಲೇ ಅವರು ಕೋಳಿಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟರೆಂದು ನೀನೇ ಹೇಳಿದೆ. ನೀನು ಮತ್ತೆ ಕಾಲೇಜಿಗೆ ಬರಲಿಲ್ಲ.

ಮೊಟ್ಟೆ ಹಾಕಿದ್ದರೆ ನೀನು ಗಟ್ಟಿಯಾಗುತ್ತಿದ್ದೆಯೋ — ಗೊತ್ತಿಲ್ಲ. ಆ ಗೊತ್ತಿಲ್ಲ ಎಂಬ ಮಾತಿನ ಮರೆಯಲ್ಲೇ ಐದು ವರ್ಷ ಕಳೆದೆ. ಆದರೆ ನಿಜ ಹೇಳಿದ್ದರೆ ಮಾರನೇ ದಿನವೇ ಅಮ್ಮ ಬಂದು ನಿನ್ನನ್ನು ಕರೆದೊಯ್ದು ಆರೈಕೆ ಮಾಡುತ್ತಿದ್ದರು. ಇದು ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದೆ. ಅವರ ಕಣ್ಣಲ್ಲಿ ಸಣ್ಣವನಾಗಲು ನನಗೆ ಇಷ್ಟವಿರಲಿಲ್ಲ, ಅಷ್ಟೇ.

ಈಗಲೂ ನಿಮ್ಮ ಮನೆಗೆ ಬಂದರೆ ಅಮ್ಮ ಮೀನು, ಮಾಂಸ ಸೋಕದ ಬೇರೆ ಪಾತ್ರೆಯಲ್ಲಿ ನನಗೆ ಹುಳಿ ಮಾಡುತ್ತಾರೆ. ಹೋದ ಸಲ ಬಡಿಸುತ್ತ, ಕಾಯಿಲೆಯಲ್ಲಿ ಮಗನನ್ನು ನೋಡಿಕೊಂಡವನು ಇವನೇ ಎಂದು ಪಕ್ಕದ ಮನೆಯವರಿಗೆ ತೋರಿಸಿದರು. ನಾನು ತಲೆ ತಗ್ಗಿಸಿ ಉಂಡೆ.

ಭಾನುವಾರ ಬರುತ್ತೇನೆ. ಅಷ್ಟರೊಳಗೆ ನೀನು ಅಮ್ಮನಿಗೆ ಹೇಳಬೇಡ — ನಾನೇ ಹೇಳಬೇಕು. ಊಟಕ್ಕೆ ಮೊದಲೇ ಹೇಳುತ್ತೇನೆ. ಆಮೇಲೆ ನನಗೆ ಎಲೆ ಹಾಕುವುದು, ಬಿಡುವುದು ಅವರಿಗೆ ಸೇರಿದ್ದು.