ಇಲೆಕ್ಷನ್ನಿಗೆ ಹೋದ ಅಪ್ಪನ ರಿವಾಲ್ವರ್

ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ದೊಡ್ಡ ಕೆಲಸವೇನೂ ಅಲ್ಲ. ಒಂದು ಫೋನ್ ಸಾಕಿತ್ತು. ನಮ್ಮ ಕಂಪ್ಲಿಯಿಂದ ಎಮ್ಮಿಗನೂರು ಎಷ್ಟು ದೂರ? ಎಲೆಯಡಿಕೆ ಹಾಕಿಕೊಂಡು ಗಾಡಿ ಹತ್ತಿದರೆ, ಬಾಯಿ ಖಾಲಿಯಾಗುವಷ್ಟರಲ್ಲಿ ಅಕ್ಕನ ಮನೆ. ಆದರೂ ಹೋಗಲಿಲ್ಲ, ಹೇಳಲಿಲ್ಲ. ಹೇಳದಿದ್ದರೂ ನಡೆಯುತ್ತದೆ ಅಂದುಕೊಂಡೆ. ವರ್ಷಗಟ್ಟಲೆ ನಡೆಯಿತು ಕೂಡ.

ಹೋದ ವಾರ ಸಂಡೂರಿಗೆ ಹೋಗಿದ್ದೆ. ಅಲ್ಲಿ ನನ್ನ ಗೆಳೆಯ ವೀರೇಶಣ್ಣ ಇದ್ದಾನೆ. ಅದಿರಿನ ಗಣಿಗಳು ಜೋರಾಗಿದ್ದ ಕಾಲದಲ್ಲಿ ಅವನ ಲಾರಿಗಳ ಜೊತೆ ನನ್ನವೂ ಎರಡು ಲಾರಿ ಓಡುತ್ತಿದ್ದವು. ಈಗ ಅವನಿಗೆ ತೋಟ, ನನಗೆ ಅಪ್ಪನ ಕಾಲದ ಅಕ್ಕಿ ಗಿರಣಿ. ಲಾರಿ ಹೋದರೂ ಒಂದು ಹುಚ್ಚು ಇಬ್ಬರಲ್ಲೂ ಉಳಿದಿದೆ. ಗನ್ನಿನ ಹುಚ್ಚು. (ಲೈಸೆನ್ಸ್ ಇರುವ ಹುಚ್ಚು. ಗಾಬರಿಯಾಗಬೇಡಿ.)

ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಕೂತಿದ್ದೆವು. ವೀರೇಶಣ್ಣ ಕೇಳಿದ:

"ಪಂಪಣ್ಣ, ಖರೇ ಹೇಳು. ನಿನ್ನ ಗನ್ನಿನ ಆಸೆ ತೀರಿತೇನು? ಇಲ್ಲಾ ಇನ್ನೂ ಏನರ ಬೇಕಂತೈತಿ ಮನಸು?"

ಒಳ್ಳೆಯ ಪ್ರಶ್ನೆ. ಗಡಿಯಾರ ಕೂಡಿಡುವವರನ್ನು, ಹಳೇ ನಾಣ್ಯ ಕೂಡಿಡುವವರನ್ನು ಇದೇ ಪ್ರಶ್ನೆ ಕೇಳಿ ನೋಡಿ. ಮುಖ ಅರಳುತ್ತದೆ. ನನ್ನದೂ ಅರಳಿತು.

"ತೀರಿದಂಗ ಲೆಕ್ಕ" ಅಂದೆ.

ಸುಳ್ಳಲ್ಲ. ನನ್ನ ಹತ್ತಿರ ಇರುವುದು ಎರಡೇ. ಒಂದು ರಿವಾಲ್ವರ್, ಒಂದು ಪಿಸ್ತೂಲು. ರಿವಾಲ್ವರ್ ಗಟ್ಟಿ ಆಳು. ಸುತ್ತುವ ಗುಂಡಿನ ಮನೆ, ದಪ್ಪ ಹಿಡಿ, ತಕರಾರಿಲ್ಲದ ಸ್ವಭಾವ. ಮನೆಗೆ ಹಳೇ ಎತ್ತು ಇದ್ದ ಹಾಗೆ. ಪಿಸ್ತೂಲು ಚಪಲದ್ದು. ಚಪ್ಪಟೆ, ಕಪ್ಪು, ಗುಂಡು ತುಂಬುವ ಮ್ಯಾಗಜಿನ್ ಒಳಗೆ ಕೂತಾಗ ಬರುವ ಆ ಒಂದು ಸಪ್ಪಳ ಇದೆಯಲ್ಲ, ಅದಕ್ಕೇ ಅದನ್ನು ಕೊಂಡೆ ಅಂದರೆ ನೀವು ನಗಬಹುದು. ನಗಿ.

ಯಾರನ್ನು ಹೊಡೀತೀರಿ ಅಂತ ಮಂದಿ ಕೇಳುತ್ತಾರೆ. ಯಾರನ್ನೂ ಇಲ್ಲ. ವರ್ಷಕ್ಕೊಮ್ಮೆ ಶೂಟಿಂಗ್ ರೇಂಜಿಗೆ ಹೋಗಿ ರಟ್ಟಿಗೆ ನಾಲ್ಕು ಗುಂಡು ಹೊಡೆಯುತ್ತೇನೆ. ಅದರಲ್ಲಿ ರಟ್ಟಿಗೆ ತಾಗುವುದು ಕಡಿಮೆ. ಉಳಿದ ದಿನ ಗುಂಡು ಬೇರೆ, ಗನ್ನು ಬೇರೆ, ಎರಡಕ್ಕೂ ಬೀಗ. ಒಮ್ಮೊಮ್ಮೆ ತೆಗೆದು, ಒರೆಸಿ, ನೋಡಿ, ಮತ್ತೆ ಇಡುತ್ತೇನೆ. ಅಷ್ಟಕ್ಕೇ ತೃಪ್ತಿ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನಿಗೆ ಓದುವ ಚಟ ಹತ್ತಲಿಲ್ಲ, ಇದು ಹತ್ತಿತು.

"ಅಂದ್ರ ಮುಂದ ಏನೂ ಬ್ಯಾಡೇನು?" ವೀರೇಶಣ್ಣ ಬಿಡಲಿಲ್ಲ. "ಸುಳ್ಳ ಹೇಳಬ್ಯಾಡಲೇ. ನನಗ ನೋಡು, ಇನ್ನೂ ನಾಕು ಬೇಕು."

"ಬೇಕು ಅಂದ್ರ ಬೇಕು. ಗುರಿ ಕಲಿಯಾಕ ಒಂದು ಸಣ್ಣ ಪಾಯಿಂಟ್ ಟೂಟೂ ಪಿಸ್ತೂಲು."

"ನಿನ್ನ ಗುರಿಗೆ ಕಲ್ಲು ಸಾಕು. ಮತ್ತ?"

"ಉದ್ದ ನಳಿಗಿದ್ದು ಒಂದು."

"ಹ್ಞಾಂ. ಮತ್ತ?"

"ಮತ್ತ... ಹಳೇ ಫಾರಿನ್ ರಿವಾಲ್ವರ್ ಒಂದು. ಮಡಿಚಿದ್ರ ನಡುವ ಬಾಯಿ ಬಿಡ್ತೈತಲ್ಲ, ಅಂಥಾದ್ದು. ಹಿಡಿ ಕಟ್ಟಿಗೀದು. ಹಿಡಿದು ಹಿಡಿದು ನುಣ್ಣಗ ಆಗಿರಬೇಕು..."

ಕೈಯಲ್ಲಿದ್ದ ಬಜ್ಜಿ ಕೈಯಲ್ಲೇ ಉಳಿಯಿತು.

ನಾನು ಹೇಳುತ್ತಿದ್ದದ್ದು ನಮ್ಮ ಅಪ್ಪನ ರಿವಾಲ್ವರ್. ಒಂದು ಕಾಲಕ್ಕೆ ಅದು ನನ್ನ ಹತ್ತಿರವೇ ಇತ್ತು. ನಾನೇ ಅದನ್ನು ಮಾರಿದ್ದೆ.

ವೀರೇಶಣ್ಣ ಚಾದ ಕಪ್ಪು ನನ್ನ ಕಡೆ ಸರಿಸಿದ. ಅವನಿಗೆ ಆ ಸಂಗತಿ ಗೊತ್ತು. "ಚಾ ಕುಡಿ" ಅಂದ. ಒಳ್ಳೆಯ ಗೆಳೆಯರು ಹೀಗಿರುತ್ತಾರೆ.

ಅಪ್ಪ ಗಿರಣಿಯ ಹಣ ತರಲು ಹೊಸಪೇಟೆಗೆ ಹೋಗಿ ಬರುತ್ತಿದ್ದ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದ. ಜೀಪಿನಲ್ಲಿ ಅವನ ಪಕ್ಕ ಕೂರುತ್ತಿದ್ದದ್ದು ನಾನಲ್ಲ, ಅಕ್ಕ. ನನಗೆ ಜೀಪು ಹತ್ತಿದರೆ ವಾಂತಿ. ಹಾಗಾಗಿ ದಾರಿಯ ಕತೆಗಳೆಲ್ಲ ಅವಳ ಪಾಲು.

ಒಂದು ಕತೆಯನ್ನು ಅವಳು ಎಷ್ಟು ಸಲ ಹೇಳಿದ್ದಾಳೋ. ಸಂಜೆ ಹೊತ್ತು, ಕಮಲಾಪುರ ದಾಟಿದ ಮೇಲೆ, ರಸ್ತೆ ನಡುವೆ ಒಂದು ಕರಡಿ. ಅಪ್ಪ ಜೀಪು ನಿಲ್ಲಿಸಿದ. ರಿವಾಲ್ವರ್ ಹೊರಗೆ ತೆಗೆದ. ಅಕ್ಕ ಕಿವಿ ಮುಚ್ಚಿಕೊಂಡಳು. ಸಪ್ಪಳ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅಪ್ಪ ಅದನ್ನು ಮತ್ತೆ ಚೀಲಕ್ಕೆ ಹಾಕುತ್ತಿದ್ದ. "ಅದೂ ಮನಿಗೆ ಹೊಂಟೈತವ್ವ, ಹೋಗ್ಲಿ" ಅಂದನಂತೆ. ಕರಡಿ ಗುಡ್ಡದ ಕಡೆ ಹೋಯಿತು. ಅಪ್ಪನ ರಿವಾಲ್ವರಿನ ಇಡೀ ಚರಿತ್ರೆ ಇದು. ಒಮ್ಮೆಯೂ ಯಾರ ಮೇಲೂ ಹಾರದ ಗುಂಡು.

ಆಯುಧ ಪೂಜೆ ಬಂದರೆ ಅದನ್ನು ಒರೆಸುವ ಕೆಲಸವೂ ಅಕ್ಕನದೇ. ಅಪ್ಪನ ಹಳೇ ಧೋತರದ ಚೂರು, ಒಂದಿಷ್ಟು ಎಣ್ಣೆ. ವಿಭೂತಿಯನ್ನು ಅವಳು ರಿವಾಲ್ವರಿಗೆ ಹಚ್ಚುತ್ತಿರಲಿಲ್ಲ, ಅದರ ಚರ್ಮದ ಚೀಲಕ್ಕೆ ಹಚ್ಚುತ್ತಿದ್ದಳು. ಯಾಕೆ ಅಂತ ನಾನು ಕೇಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲಿನ ಮೊದಲ ದಸರಾಕ್ಕೆ ನಾನೇ ಭಕ್ತಿಯಿಂದ ವಿಭೂತಿಯನ್ನು ನೀರಲ್ಲಿ ಕಲಸಿ, ನಳಿಗೆಯ ಮೇಲೆ ಮೂರು ಬೆರಳಲ್ಲಿ ಎಳೆದು, ಹಾಗೇ ಬೀಗ ಹಾಕಿ ಇಟ್ಟೆ. ಮರುವರ್ಷ ತೆಗೆದರೆ ಮೂರು ಗೆರೆ ಹಾಗೇ ಇವೆ. ತುಕ್ಕಿನಲ್ಲಿ!

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅಪ್ಪನ ಗನ್ನಿಗೆ ಜಂಗಮ ದೀಕ್ಷಾ ಕೊಟ್ಟಿ ಬಿಡೋ ತಮ್ಮಾ." ಆಮೇಲೆ ಅರ್ಧ ದಿನ ಕೂತು ಆ ಗೆರೆ ಉಜ್ಜಿದಳು. ಪೂರ್ತಿ ಹೋಗಲಿಲ್ಲ.

ಅಪ್ಪನ ರಿವಾಲ್ವರ್ ನನ್ನ ಲೈಸೆನ್ಸಿಗೆ ಬರಬೇಕಾದರೆ ಅಕ್ಕನ ಒಪ್ಪಿಗೆ ಬೇಕಾಗಿತ್ತು. ಅವಳೂ ಮಗಳಲ್ಲವೇ? ಕರೆದೆ, ಬಂದಳು, ಸಹಿ ಮಾಡಿದಳು. ಮಾಡಿ ಆಫೀಸಿನಿಂದ ಹೊರಗೆ ಬಂದಾಗ ಒಂದೇ ಮಾತು ಅಂದಳು:

"ನೀನ ಇಟ್ಕೋ. ಎಂದರ ಬ್ಯಾಡಾತು ಅಂದ್ರ ನನಗ ಹೇಳು. ನಾನು ಲೈಸೆನ್ಸ್ ಮಾಡಿಸ್ತೀನಿ. ನಮ್ಮ ಕಬ್ಬಿನಾಗೂ ಹಂದಿ ಕಾಟ ಐತಿ."

"ಆತಕ್ಕ" ಅಂದೆ. ನಕ್ಕೆ ಕೂಡ. ಎಮ್ಮಿಗನೂರಿನ ಹೊಲದಲ್ಲಿ ಸೆರಗು ಸಿಕ್ಕಿಸಿಕೊಂಡು ಅಕ್ಕ ರಿವಾಲ್ವರ್ ಹಿಡಿದು ನಿಂತ ಚಿತ್ರ ಕಣ್ಣ ಮುಂದೆ ಬಂದು ನಗು ಬಂತು. ಯಾಕೆ ನಗು ಬರಬೇಕು? ನಾನು ಹಿಡಿದರೆ ಯಾರಿಗೂ ನಗು ಬರುವುದಿಲ್ಲವಲ್ಲ?

ಮುಂದೆ ಕಾನೂನು ಬದಲಾಯಿತು. ಒಬ್ಬರ ಲೈಸೆನ್ಸಿನಲ್ಲಿ ಮೂರು ಇರಬಹುದಾಗಿದ್ದದ್ದು ಎರಡೇ ಅಂತಾಯಿತು. ನನ್ನ ಹತ್ತಿರ ಮೂರಿದ್ದವು. ಒಂದು ಹೋಗಬೇಕು.

ಯಾವುದು?

ಯೋಚಿಸಲು ನನಗೆ ಒಂದು ಮಧ್ಯಾಹ್ನವೂ ಹಿಡಿಯಲಿಲ್ಲ. ಅಪ್ಪನದು ಹಳೇದು. ಅದರ ಗುಂಡು ಈಗ ಸಿಗುವುದೇ ಕಷ್ಟ. ಮೈಮೇಲೆ ತುಕ್ಕಿನ ಗೆರೆ ಬೇರೆ (ಹಾಕಿದವನು ನಾನೇ). ಹೊಸಪೇಟೆಯಲ್ಲಿ ಲೈಸೆನ್ಸ್ ಇದ್ದ ಗನ್ನಿನ ವ್ಯಾಪಾರಿಗೆ ಕೊಟ್ಟು ಬಂದೆ. ಕಾಗದ ಪತ್ರ ಎಲ್ಲ ಸರಿಯಾಗಿ ಮಾಡಿದೆ. ಎಲ್ಲ ಆಫೀಸಿಗೂ ತಿಳಿಸಿದೆ. ಅಕ್ಕನಿಗೆ ಮಾತ್ರ ತಿಳಿಸಲಿಲ್ಲ.

ಸಹಿ ಬೇಕಾದಾಗ ಅಕ್ಕತಂಗಿಯರು ನೆನಪಾಗುತ್ತಾರೆ, ಮಾತು ಕೇಳಬೇಕಾದಾಗ ಆಗುವುದಿಲ್ಲ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗಿಲ್ಲ, ಹೇಳಿ? ಹೊಲ, ಮನೆ, ಗಿರಣಿ, ಕೊನೆಗೆ ಒಂದು ಹಳೇ ರಿವಾಲ್ವರ್.

ಆ ವರ್ಷದ ಆಯುಧ ಪೂಜೆಗೆ ಅಕ್ಕ ಬಂದಳು. ಗಿರಣಿಯಲ್ಲಿ ಮಣೆಯ ಮೇಲೆ ನನ್ನವೆರಡನ್ನೂ ಇಟ್ಟು ಹೂವು ಏರಿಸಿದ್ದೆ. ನೋಡಿದಳು.

"ಅಪ್ಪಂದೆಲ್ಲೈತಿ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಇಲೆಕ್ಷನ್ ಅಲ್ಲೇನಕ್ಕ, ಸ್ಟೇಷನ್ನಿಗೆ ಕೊಟ್ಟೀನಿ. ಇನ್ನೂ ತಂದಿಲ್ಲ."

ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಚುನಾವಣೆ ಬಂತೆಂದರೆ ಲೈಸೆನ್ಸಿನ ಗನ್ನುಗಳನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಟ್ಟು ಬರಬೇಕು. ಮುಗಿದ ಮೇಲೆ ವಾಪಸು. ಸುಳ್ಳಿಗೆ ಇದಕ್ಕಿಂತ ಗಟ್ಟಿ ಆಸರೆ ಬೇಕೇ? ನಮ್ಮ ದೇಶದಲ್ಲಿ ಮಳೆ ತಪ್ಪಬಹುದು, ಡ್ಯಾಂ ತುಂಬದಿರಬಹುದು, ಚುನಾವಣೆ ತಪ್ಪುವುದಿಲ್ಲ. ಒಂದು ವರ್ಷ ಪಾರ್ಲಿಮೆಂಟು. ಒಂದು ವರ್ಷ ಪಂಚಾಯಿತಿ. ಮತ್ತೊಂದು ವರ್ಷ ಅಸೆಂಬ್ಲಿ. ಪ್ರಜಾಪ್ರಭುತ್ವವನ್ನು ನನ್ನಷ್ಟು ಬಳಸಿಕೊಂಡವರು ಈ ತಾಲೂಕಿನಲ್ಲಿ ಯಾರೂ ಇರಲಿಕ್ಕಿಲ್ಲ, ನಿಂತು ಗೆದ್ದವರನ್ನೂ ಸೇರಿಸಿ.

ಅಕ್ಕ ಪ್ರತಿ ಸಲ "ಹೌದೇನು" ಅನ್ನುತ್ತಿದ್ದಳು. ನಂಬಿದಳು ಅಂತ ನಾನು ನಂಬಿದ್ದೆ.

ಈ ದಸರಾಕ್ಕೂ ಬಂದಿದ್ದಳು. ಮಣೆ ನೋಡಿದಳು. "ಈ ಸಲ ಯಾವ ಇಲೆಕ್ಷನ್ ತಮ್ಮಾ?" ಅಂದಳು. ನನಗೆ ಯಾವುದೂ ಹೊಳೆಯಲಿಲ್ಲ. "ಬರ್ತೈತಿ, ಬರ್ತೈತಿ" ಅಂದೆ. ಅವಳು ಕುಂಕುಮ ಹಚ್ಚಿಕೊಂಡು ಊಟಕ್ಕೆ ಎದ್ದಳು.

ಅದಾಗಿ ಕೆಲವೇ ದಿನಕ್ಕೆ ಸಂಡೂರಿನ ಬಜ್ಜಿ ನನ್ನ ಕೈಯಲ್ಲಿ ಉಳಿದದ್ದು.

ಸಂಡೂರಿನಿಂದ ಬರುವಾಗ ಹೊಸಪೇಟೆಯಲ್ಲಿ ಆ ವ್ಯಾಪಾರಿಯ ಅಂಗಡಿಗೆ ಹೋದೆ. ಸಿಕ್ಕರೆ ಅಕ್ಕನ ಹೆಸರಿಗೆ ಲೈಸೆನ್ಸ್ ಮಾಡಿಸಿ, ಕೊಂಡು, ಅವಳ ಕೈಗಿಟ್ಟರೆ ಆಯಿತು ಅನ್ನುವ ಲೆಕ್ಕ. ಆಗ ತಪ್ಪಾಯಿತು ಅನ್ನುವ ಕಷ್ಟವೂ ಇರುವುದಿಲ್ಲ ನೋಡಿ!

ವ್ಯಾಪಾರಿ ಇಲ್ಲ ಅಂತ ತಲೆಯಾಡಿಸಿದರು. "ಅದು ಆವಾಗ್ಲೇ ಹೋತಲ್ರೀ. ಬ್ಯಾರೆ ರಾಜ್ಯದವ್ರು ಒಯ್ದ್ರು. ಹಳೇ ಫಾರಿನ್ ಮಾಲು, ಸಿಕ್ಕವ್ರು ಬಿಡ್ತಾರೇನ್ರಿ? ನೀವು ಬಿಟ್ರಿ ಅಂತ ನಮಗ ಆಶ್ಚರ್ಯ ಆಗಿತ್ತು."

ಮರುದಿನ ಎಮ್ಮಿಗನೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದಳು.

"ಫೋನ್ ಮಾಡಿ ಬರಬಾರದಾ? ಒಂದ್ ಪಾವು ಅಕ್ಕಿ ಜಾಸ್ತಿ ಇಡ್ತಿದ್ದೆ."

"ಸುಮ್ನ ಬಂದೆ."

"ನೀನು ಸುಮ್ನ ಬರಾವಲ್ಲ" ಅಂದಳು. "ಕುಂದ್ರು."

ಕಟ್ಟೆಯ ಮೇಲೆ ಕೂತೆ. ಅವಳು ಎಮ್ಮೆಯ ಬೆನ್ನು ತಿಕ್ಕುತ್ತಲೇ ಇದ್ದಳು. "ಅಕ್ಕ, ಅಪ್ಪನ ರಿವಾಲ್ವರ್..." ಅಂತ ಶುರು ಮಾಡಿದೆ.

"ಇಲ್ಲ ಅಂತ ಗೊತ್ತೈತಿ."

"ಯಾರು ಹೇಳಿದ್ರು?"

"ಯಾರ್ ಹೇಳಬೇಕು? ಇಲೆಕ್ಷನ್ನಿಗೆ ಅಪ್ಪಂದೊಂದ ಕೇಳ್ತಾರೇನು? ನಿನ್ನವೆರಡೂ ಮಣಿ ಮ್ಯಾಲೆ ಹೂವು ಮುಡ್ಕೊಂಡು ಕುಂತಿದ್ವಲ್ಲ. ಅವಕ್ಕ ವೋಟಿಲ್ಲೇನು?"

ಮೊದಲ ವರ್ಷದಿಂದಲೇ ಅವಳಿಗೆ ಗೊತ್ತಿತ್ತು. ಕೊಟ್ಟರೆ ಮೂರನ್ನೂ ಕೊಡಬೇಕು ಅನ್ನುವುದು ಇಷ್ಟು ವರ್ಷ ನನ್ನ ತಲೆಗೇ ಹೊಳೆದಿರಲಿಲ್ಲ. ಮತ್ತೆ ಪ್ರತಿ ವರ್ಷ ಕೇಳುತ್ತಿದ್ದದ್ದು ಯಾಕೆ? ಅವಳೇ ಅಂದಳು.

"ಈ ವರ್ಷರ ಹೇಳ್ತಾನೇನು ಅಂತ ನೋಡ್ತಿದ್ದೆ."

ನಾನು ಕಾನೂನಿನ ಮಾತು ತೆಗೆದೆ. ಮೂರಿದ್ದದ್ದು ಎರಡಾಯಿತು, ಒಂದನ್ನು ಬಿಡಲೇಬೇಕಿತ್ತು, ಅದರ ಗುಂಡು ಸಿಗುತ್ತಿರಲಿಲ್ಲ, ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಬಕೆಟ್ ಬಗ್ಗಿಸಿ ಉಳಿದ ನೀರನ್ನು ಎಮ್ಮೆಯ ಮೇಲೆ ಸುರಿದಳು.

"ಕಾನೂನು ಎರಡ ಇಟ್ಕೋ ಅಂತು. ಯಾವೆರಡು ಅಂತ ಕಾನೂನು ಹೇಳಿತ್ತೇನು?"

ನಾನು ಮತ್ತೆ ಗುಂಡಿನ ಮಾತಿಗೇ ಹೋದೆ.

"ಗುಂಡು ಸಿಗಲ್ಲ ಅಂತಿ" ಅಂದಳು. "ಗುಂಡು ಯಾರಿಗೆ ಬೇಕಿತ್ತು? ಅಪ್ಪ ಹೊಡೆದಿದ್ನೇನು? ಒಂದ್ ಫೋನ್ ಮಾಡಿದ್ರ ಬರ್ತಿದ್ದೆ. ಲೈಸೆನ್ಸ್ ಸಿಗದಿದ್ರ ಬ್ಯಾಡ, ಕೊಡೋ ಮುಂಚೆ ಒಂದ್ಸಲ ಎಣ್ಣಿ ಹಚ್ಚಿ ಒರಸಿ ಕೊಡ್ತಿದ್ದೆ."

ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆಗಿದ್ದಾಗಿ ಹೋತು ಬಿಡಕ್ಕ" ಅಂದೆ.

ಅಕ್ಕ ಕೈ ಒರೆಸಿಕೊಂಡು ನನ್ನ ಎದುರು ಬಂದು ನಿಂತಳು. "ಅದು ನಾನು ಅನ್ನೋ ಮಾತು ತಮ್ಮಾ. ನೀನು ಅನ್ನೋದು ಬ್ಯಾರೆ ಐತಿ."

ಎದ್ದು ನಿಂತೆ. ಇಷ್ಟು ವರ್ಷ ಬಾಯಿಗೆ ಬಾರದಿದ್ದ ಮಾತು ಕೊನೆಗೂ ಬಂತು.

"ನಿನ್ನ ಕೇಳದ ಮಾರಿದೆ, ಮಾರಿ ಸುಳ್ಳು ಹೇಳಿದೆ. ನಂದು ತಪ್ಪಾತಕ್ಕ."